ಅತ್ತೆ ಹಚ್ಚಿದ ಎಣ್ಣೆ

ಕಾರಿನ ಎಂಜಿನ್‌ನಿಂದ ಇಳಿಸಿದ ಹಳೆಯ ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿಸಿಕೊಂಡು ಮನೆಗೆ ಹೊರಡುವ ಹೆಂಗಸನ್ನು ನಮ್ಮ ಮೆಕ್ಯಾನಿಕ್ ಅದುವರೆಗೆ ಕಂಡಿರಲಿಲ್ಲ. ವಿಶಾಖಪಟ್ಟಣದ ದ್ವಾರಕಾ ನಗರದ ಹಿಂದಿನ ಗಲ್ಲಿಯಲ್ಲಿ ಅವನ ಗ್ಯಾರೇಜು. ಹಳೆಯ ಎಣ್ಣೆಯನ್ನು ಎದುರಿನ ಚರಂಡಿಗೆ ಸುರಿದು ಕೈ ಒರೆಸಿಕೊಳ್ಳುವುದು ಅವನ ರೂಢಿ. ಒಮ್ಮೆ ಕಣ್ಣಾರೆ ನೋಡಿ ನನಗೆ ರೇಗಿಹೋಯಿತು. ಈ ಚರಂಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ಸಮುದ್ರಕ್ಕೆ ಮೇಡಂ, ಇನ್ನೆಲ್ಲಿಗೆ, ಎಂದು ನಕ್ಕ. ದಾವಣಗೆರೆಯವಳಿಗೆ ಸಮುದ್ರದ ಚಿಂತೆ ಯಾಕೆ ಎಂದು ನನ್ನ ಗಂಡ ಛೇಡಿಸಿದರು. ಸಮುದ್ರ ಕಾಣದೆ ಬೆಳೆದವಳಿಗೇ ಅದರ ಬೆಲೆ ಗೊತ್ತಿರುವುದು ಎಂದು ನಾನೂ ಬಿಡಲಿಲ್ಲ.

ವಿಜಯವಾಡದ ಆಟೋ ನಗರದಲ್ಲಿ ಒಂದು ಅಂಗಡಿಯವರು ಇಂಥ ಎಣ್ಣೆಯನ್ನು ಡ್ರಮ್ಮಿನಲ್ಲಿ ಕೂಡಿಟ್ಟು, ಮತ್ತೆ ಶುದ್ಧ ಮಾಡುವ ಕಾರ್ಖಾನೆಗೆ ಕಳಿಸುತ್ತಾರೆಂದು ಆ ಊರಿನಲ್ಲಿರುವ ನನ್ನ ನಾದಿನಿ ಹೇಳಿದ್ದಳು. ನಮ್ಮೂರಲ್ಲೂ ಅಂಥವರು ಇದ್ದಿರಬೇಕು. ನಮಗೆ ಗೊತ್ತಿದ್ದದ್ದು ಅವರೊಬ್ಬರೇ. ಹೇಗೂ ಹಬ್ಬಕ್ಕೆ ಅಲ್ಲಿಗೆ ಹೋಗುತ್ತಿದ್ದೆವು. ಅಲ್ಲಿಯವರೆಗೆ ಡಬ್ಬಿ ನಮ್ಮ ಮೆಟ್ಟಿಲ ಕೆಳಗೆ ಕೂತಿರುತ್ತಿತ್ತು. “ಊರ ಉಸಾಬರಿ ನಿನಗ್ಯಾಕವ್ವ,” ಎಂದು ಅತ್ತೆ ನಗುತ್ತಿದ್ದರು.

ಅತ್ತೆ ಬಳ್ಳಾರಿ ಕಡೆಯ ಹಳ್ಳಿಯವರು. ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಯ ಮನೆಗೆ ಸೊಸೆಯಾಗಿ ಬಂದವರು, ಮಾವ ಹೋದ ಮೇಲೆ ನಮ್ಮ ಜೊತೆಗೇ ಇದ್ದರು. ಅವರ ಮಗನಿಗೆ, ಅಂದರೆ ನನ್ನ ಗಂಡನಿಗೆ, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತೆಲುಗಿನಲ್ಲಿ. ನಮ್ಮ ಮಗಳಿಗೆ ಅಷ್ಟೂ ಇಲ್ಲ. ನಾನು ಬೆಳಿಗ್ಗೆ ದುವ್ವಾಡದ ಕಡೆ ಔಷಧಿ ಕಂಪನಿಯ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಹಾಗಾಗಿ ಹಗಲೆಲ್ಲ ಅತ್ತೆ ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಗೇಟಿನ ಬಳಿ ಮಲಗುವ ಒಂದು ಬೀದಿ ನಾಯಿಯ ಜೊತೆ. “ಉಂಡೇನಲೇ ಮಗಾ? ಬಿಸ್ಲಾಗ ಯಾಕ ಮಕ್ಕಂಡಿ? ಈ ಕಡಿ ಬಾ.” ಸೊಸೆಯ ಮೇಲಿನ ದೂರುಗಳೂ ಅದಕ್ಕೇ ಸಲ್ಲುತ್ತಿದ್ದವು. “ನಮ್ಮಾಕಿ ಸಾರಿಗೆ ಖಾರ ಹಾಕಂಗಿಲ್ಲ, ಎಲ್ಲಾ ಬಾಯಾಗ ಇಟಗಂಡಾಳ,” ಎಂದದ್ದನ್ನು ರಜೆಯ ದಿನ ಅಡುಗೆಮನೆಯಿಂದ ನಾನೇ ಕೇಳಿಸಿಕೊಂಡಿದ್ದೇನೆ. ನಾಯಿ ಬಾಲ ಅಲ್ಲಾಡಿಸಿ ಒಪ್ಪಿಕೊಂಡಿತು, ದ್ರೋಹಿ.

ಹೋದ ಬೇಸಿಗೆಯಲ್ಲಿ ಅದಕ್ಕೆ ಕಜ್ಜಿ ಹತ್ತಿತು. ಬೆನ್ನಿನ ಕೂದಲೆಲ್ಲ ಉದುರಿ ಚರ್ಮ ಕೆಂಪಗಾಯಿತು. ಭಾನುವಾರ ಡಾಕ್ಟರ ಹತ್ತಿರ ಒಯ್ಯೋಣ ಎಂದುಕೊಂಡಿದ್ದೆವು. ಅದರ ತುರಿಕೆ, ನರಳಾಟ ನೋಡುತ್ತ ಅತ್ತೆಗೆ ಅಲ್ಲಿಯವರೆಗೆ ತಡೆಯಲಾಗಲಿಲ್ಲ. ಅವರ ತವರಿನಲ್ಲಿ ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನೇ ಎತ್ತಿನ ಹೆಗಲ ಹುಣ್ಣಿಗೂ ನಾಯಿಯ ಕಜ್ಜಿಗೂ ಹಚ್ಚುತ್ತಿದ್ದರಂತೆ. ಅದು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡಿದ್ದು, ಕಪ್ಪಗೆ, ಮಂದಗೆ ಇರುತ್ತದೆ. ನಮ್ಮ ಡಬ್ಬಿಯಲ್ಲಿದ್ದದ್ದೂ ಕಪ್ಪಗೆ, ಮಂದಗೆ ಇತ್ತು. ಅದೂ ಗಾಡಿಯದೇ.

ಸಂಜೆ ನಾನು ಬಂದಾಗ ನಾಯಿ ಕತ್ತಿನಿಂದ ಬಾಲದವರೆಗೆ ಮಿರಮಿರ ಮಿಂಚುತ್ತಿತ್ತು. “ಕೀಲೆಣ್ಣಿ ಹಚ್ಚೀನಿ ನೋಡವ್ವ. ಇನ್ನ ಎಂಟು ದಿನದಾಗ ಹೊಸ ಕೂದ್ಲ ಬರ್ತಾವು,” ಎಂದರು ಅತ್ತೆ. ಅವರ ಮುಖದಲ್ಲಿ ಅಂಥ ಗೆಲುವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಮೆಟ್ಟಿಲ ಕೆಳಗಿನ ಡಬ್ಬಿಯ ಮುಚ್ಚಳ ತೆರೆದೇ ಇತ್ತು. ವಾಸನೆ ಬರುತ್ತದೆ ಎಂದು ನೆಪ ಹೇಳಿ, ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದೆ. ಆದರೆ ಅದು ಬೆಳಗಿನಿಂದ ಮೈ ನೆಕ್ಕಿಕೊಂಡೇ ಇತ್ತು.

ಮರುದಿನ ಅನ್ನ ಮುಟ್ಟಲಿಲ್ಲ. ಡಾಕ್ಟರರು ಡ್ರಿಪ್ ಹಾಕಿದರು. ಎಂಜಿನ್‌ನಲ್ಲಿ ಸುಟ್ಟ ಎಣ್ಣೆ ಮೈಗೆ ಸೇರಿ ಮೂತ್ರಪಿಂಡ ಕೆಟ್ಟಿದೆ ಎಂದರು. ಅವರ ಮೇಜಿನ ಮೇಲೇ ಅದು ಸತ್ತುಹೋಯಿತು. ಅತ್ತೆ ಬಂದಿರಲಿಲ್ಲ. “ಅಮ್ಮಕಿ ಚೆಪ್ಪಕು,” ಎಂದರು ನನ್ನ ಗಂಡ, ಕಾರಿನಲ್ಲಿ. ಅಮ್ಮನಿಗೆ ಹೇಳಬೇಡ. ಅದನ್ನು ಅವರು ಹೇಳಬೇಕಾಗಿಯೇ ಇರಲಿಲ್ಲ. ವಯಸ್ಸಾಗಿತ್ತು ಅತ್ತೆ, ಎಂದೆ ಮನೆಗೆ ಬಂದು. “ಹೂಂ, ವಯಸ್ಸಾಗಿತ್ತು,” ಎಂದರು. ಗೇಟಿನ ಹತ್ತಿರ ಹಾಕಿಕೊಳ್ಳುತ್ತಿದ್ದ ಕುರ್ಚಿಯನ್ನು ಒಳಗೆ ತಂದಿಟ್ಟುಕೊಂಡರು. ಊಟ ಕಡಿಮೆಯಾಯಿತು. ನಾಯಿಯಂತೂ ಹೋಯಿತು, ಇವರ ಕಿವಿಗೆ ಈ ನಿಜ ಬೀಳದಿದ್ದರೆ ಸಾಕು ಎಂದಷ್ಟೇ ದೇವರಲ್ಲಿ ಕೇಳಿಕೊಂಡೆ.

ದಸರೆಗೆ ವಿಜಯವಾಡಕ್ಕೆ ಹೊರಟೆವು. ಡಬ್ಬಿ ಡಿಕ್ಕಿಯಲ್ಲಿತ್ತು. ಅತ್ತೆಯನ್ನು ನಾದಿನಿಯ ಮನೆಯಲ್ಲಿ ಇಳಿಸಿ ಆಮೇಲೆ ನಾವಿಬ್ಬರೇ ಅಂಗಡಿಗೆ ಹೋಗುವುದೆಂದು ಮಾತಾಗಿತ್ತು. ದಾರಿಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಯಿತು. ಹಬ್ಬದ ಹೊತ್ತು, ಅಂಗಡಿ ಮುಚ್ಚಿಬಿಟ್ಟರೆ ಎಂದು ನನ್ನ ಗಂಡ ಕಾರನ್ನು ನೇರ ಆಟೋ ನಗರಕ್ಕೆ ತಿರುಗಿಸಿದರು. ಕಾಲು ಜೋಮು ಹಿಡಿದಿದೆ ಎಂದು ಅತ್ತೆಯೂ ಇಳಿದರು.

ಅಂಗಡಿಯವನಿಗೆ ಕೊಡಲು ನಾನು ಡಬ್ಬಿಯ ಮುಚ್ಚಳ ತೆಗೆದೆ. ಒಂದು ತೊಟ್ಟು ಹೊರಗೆ ಇಳಿಯಿತು. ಅಡುಗೆಮನೆಯ ಎಣ್ಣೆ ಡಬ್ಬಿಗೆ ಮಾಡುವಂತೆಯೇ ಅತ್ತೆ ಅದನ್ನು ಬೆರಳಿನಿಂದ ಬಳಿದು, ಒಡೆದ ಹಿಮ್ಮಡಿಗೆ ಸವರಿಕೊಳ್ಳಲು ಬಗ್ಗಿದರು.

“ಮುಟ್ಟುಕೋಕಂಡಿ ಅಮ್ಮಾ! ಅದಿ ವಿಷಂ!” ಮುಟ್ಟಬೇಡಿ, ವಿಷ ಅದು, ಎಂದು ಕೂಗಿದ ಅಂಗಡಿಯವನು. ಅವನ ಕೈಗಳಿಗೆ ರಬ್ಬರಿನ ಗವಸುಗಳಿದ್ದವು.

ಅತ್ತೆ ಬೆರಳನ್ನು ನೋಡಿಕೊಂಡರು. ಆಮೇಲೆ ನನ್ನ ಮುಖ ನೋಡಿದರು. ನಾನು ಡಬ್ಬಿಯನ್ನು ಅಂಗಡಿಯವನ ಕಡೆ ಚಾಚಿದೆ. ಅಂಗಡಿಯವನು ಎಣ್ಣೆಯನ್ನು ಡ್ರಮ್ಮಿಗೆ ಸುರಿದು ಖಾಲಿ ಡಬ್ಬಿ ವಾಪಸು ಕೊಟ್ಟ.

ಕಾರು ಮುಖ್ಯ ರಸ್ತೆಗೆ ಬಂದ ಮೇಲೆ ಅತ್ತೆ ಕೇಳಿದರು. “ನಿನಗ ಗೊತ್ತಿತ್ತೇನವ್ವ?”

“ಹೂಂ ಅತ್ತೆ. ನಿಮಗೆ ಸಂಕಟ ಆಗ್ತದೆ ಅಂತ...”

ಅವರು ಆ ಬೆರಳನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು.

“ಕಜ್ಜಿ ಹತ್ತಿದ ಮ್ಯಾಲ ಅದು ಯಾರಿಗೂ ಮೈ ಮುಟ್ಟಗೊಡ್ತಿರಲಿಲ್ಲ. ನಾನು ಹಚ್ಚತೀನಂತ ಸುಮ್ನ ನಿಂತಿತ್ತವ್ವ.”