ವನಜಮ್ಮನ ಎಮ್ಮೆ

ನಮ್ಮ ಈಸೂರಿನ ವನಜಮ್ಮನಿಗೆ ಎಮ್ಮೆ ಇಲ್ಲ. ಇದು ಊರಿಗೆಲ್ಲ ಗೊತ್ತು. ಆದರೆ ಅವಳು ತರಕಾರಿ ಹೆಚ್ಚಲು ಹೋಗುವ ಶಿಕಾರಿಪುರದ ಮದುವೆ ಛತ್ರದಲ್ಲಿ ಅವಳಿಗೊಂದು ಎಮ್ಮೆ ಇತ್ತು. ಅದಕ್ಕೆ ಹಸಿವೂ ಚೆನ್ನಾಗಿಯೇ ಇತ್ತು.

ಮೊದಲು ನಿಜವಾಗಿಯೂ ಇತ್ತು ಅನ್ನಿ. ಗಂಡ ರಾಜಪ್ಪನ ಮಂಡಿ ಹಿಡಿದುಕೊಂಡು ಹುಲ್ಲು ಕೊಯ್ಯಲು ಹೋಗಲಾಗದಂತಾದಾಗ ಅದನ್ನು ಮಾರಿದರು. ಮಾರಿದ ಮೇಲೂ ವನಜಮ್ಮ ಎಂದಿನಂತೆ ಛತ್ರದಿಂದ ಸಿಪ್ಪೆಯ ಚೀಲ ಕಟ್ಟಿಕೊಂಡು ಬಸ್ಸು ಹತ್ತಿದಳು. ರೂಢಿಯಿಂದ ತಂದಳು ಅಂದುಕೊಳ್ಳಬೇಡಿ. ಅವತ್ತು ಮನೆಯಲ್ಲಿ ಪಲ್ಯಕ್ಕೆ ಏನೂ ಇರಲಿಲ್ಲ. ಚೀಲ ಸುರುವಿ ನೋಡಿದರೆ ಕ್ಯಾರೆಟ್ಟಿನದು, ಕುಂಬಳಕಾಯಿಯದು, ಒಂದೊಂದು ಸಿಪ್ಪೆಯಲ್ಲೂ ಅರ್ಧ ಬೆರಳು ತಿರುಳು. ತೊಳೆದಳು, ಸಣ್ಣಗೆ ಹೆಚ್ಚಿದಳು, ಒಗ್ಗರಣೆ ಹಾಕಿದಳು. ಪಿಯುಸಿ ಓದುವ ಮಗಳು ಮೇಘನಾ ಎರಡನೇ ಸಲ ಬಡಿಸಿಕೊಂಡು ತಿಂದಳು. ಆಮೇಲೆ ಛತ್ರದಲ್ಲಿ ಯಾರಾದರೂ ಚೀಲದ ಕಡೆ ನೋಡಿದರೆ, "ಎಮ್ಮಿಗೆ ರೀ" ಎನ್ನುವ ಹಳೆಯ ಉತ್ತರ ಹಾಗೇ ಮುಂದುವರಿಯಿತು.

ಸಿಪ್ಪೆ ತಿನ್ನುವುದರಲ್ಲಿ ಏನು ಅವಮಾನ ಎಂದು ನೀವು ಕೇಳಬಹುದು. ಹೀರೇಕಾಯಿ ಸಿಪ್ಪೆಯ ಚಟ್ನಿ ಅರೆಯದ ಮನೆ ಈ ಸೀಮೆಯಲ್ಲಿ ಯಾವುದಿದೆ? ಆದರೆ ನಿಮ್ಮ ಮನೆಯ ಸಿಪ್ಪೆ ನೀವು ತಿಂದರೆ ಅದು ಅಚ್ಚುಕಟ್ಟು. ಕಂಡವರ ಮದುವೆಯ ಸಿಪ್ಪೆ ಹೊತ್ತು ತಂದು ತಿಂದರೆ ಜನ ಅದಕ್ಕೆ ಬೇರೆ ಹೆಸರಿಡುತ್ತಾರೆ. ಜನ ಇಡುವ ಮೊದಲೇ ವನಜಮ್ಮ ತಾನೇ ಇಟ್ಟುಕೊಂಡಿದ್ದಳು. ಬಸ್ಸಿನಲ್ಲಿ ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಅದು ಯಾರದೋ ಎಂಬಂತೆ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ತಾನು ಹೆರೆಯುವ ಸಿಪ್ಪೆಯನ್ನಂತೂ ಕಾಗದದಷ್ಟು ತೆಳ್ಳಗೆ ಹೆರೆಯುತ್ತಿದ್ದಳು. ದಪ್ಪ ಹೆರೆದರೆ ಅದು ಕಳ್ಳತನ ಎಂಬುದು ಅವಳ ಲೆಕ್ಕ.

ಅಡುಗೆಯ ಗುತ್ತಿಗೆ ಸಣ್ಣಬೀರಪ್ಪನದು. ಒರಟು ಮನುಷ್ಯ, ಬಾಯಿ ಜೋರು. ಹೆಂಗಸರೆಲ್ಲ ತರಕಾರಿಗೆ ಕೂತರೆ ಒಲೆಯ ಕಡೆಯಿಂದಲೇ ಕೂಗುತ್ತಿದ್ದ: "ದಪ್ಪ ಹೆರೀರಿ, ವನಜಕ್ಕನ ಎಮ್ಮಿ ಉಪವಾಸ ಬೀಳ್ತೈತಿ." ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಒಳಗೊಳಗೇ ಕುಗ್ಗುತ್ತ.

ಹೀಗಿರುವಾಗ ಶ್ರೀವಾಣಿ ಬಂದರು. ಸೊರಬದ ಕಡೆ ಹೊಸಬಾಳೆಯವರು, ಶಿಕಾರಿಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವರು. ಬಿಸಾಡುವ ಸಿಪ್ಪೆಯಿಂದ ಪೋಷಕಾಂಶ ತೆಗೆಯುವುದು ಅವರ ಸಂಶೋಧನೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಪೆಟ್ರೋಲಿನ ಜಾತಿಯ ದ್ರಾವಕ ಬಳಸುತ್ತಾರಂತೆ. ಶ್ರೀವಾಣಿ ಬಳಸುವುದು ಅಡುಗೆ ಎಣ್ಣೆ. ಕ್ಯಾರೆಟ್ ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ ಬೆಚ್ಚಗಿನ ಎಣ್ಣೆಯಲ್ಲಿ ನೆನೆಸಿದರೆ, ಕಣ್ಣಿಗೆ ಬೇಕಾದ ಸತ್ವ ಬಣ್ಣದ ಸಮೇತ ಎಣ್ಣೆಗೆ ಇಳಿಯುತ್ತದೆ. ಸೋಸಿಕೊಂಡು ಹಾಗೇ ಊಟಕ್ಕೆ ಬಳಸಬಹುದು. ಮಣ್ಣಿಗೂ ಮನುಷ್ಯರಿಗೂ ಕೇಡು ಮಾಡದ ಇಂಥವಕ್ಕೆ ಹಸಿರು ದ್ರಾವಕ ಎನ್ನುತ್ತಾರೆ. ಎಣ್ಣೆ ಕಿತ್ತಳೆ ಬಣ್ಣ, ಹೆಸರು ಹಸಿರು. ವಿಜ್ಞಾನದವರ ದಾರಿಯೇ ಬೇರೆ.

ಮದುವೆಗಳ ಕ್ಯಾರೆಟ್, ಕುಂಬಳದ ಸಿಪ್ಪೆಯೆಲ್ಲ ತಮಗೆ ಬೇಕು ಎಂದು ಅವರು ಕೇಳಿದಾಗ ಸಣ್ಣಬೀರಪ್ಪ ಸೌಟು ತಿರುವುತ್ತಲೇ, "ಅದು ವನಜಕ್ಕನ ಎಮ್ಮಿದು, ಆಕಿನ್ನೇ ಕೇಳ್ರಿ" ಎಂದ.

ಶ್ರೀವಾಣಿ ದನಕರು ಇರುವ ಮನೆಯಲ್ಲಿ ಬೆಳೆದವರು. "ಮೂಕಪ್ರಾಣಿ ಬಾಯಿಂದ ಕಸ್ಕೊಂಡ್ರೆ ಪಾಪ ಬರತ್ತೆ ಮಾರಾಯ್ರೆ" ಎಂದರು. "ಸಿಪ್ಪೆ ಬದಲು ನಮ್ಮನೆಯಿಂದ ಬೂಸಾ ತಂದು ಕೊಡ್ತೀನಿ. ಅಡ್ಡಿಲ್ವಾ?"

ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಎಮ್ಮೆ ಇಲ್ಲ ಎನ್ನಲು ಅದೇ ಒಳ್ಳೆಯ ಹೊತ್ತು. ವನಜಮ್ಮನ ನಾಲಿಗೆ ಮಾತ್ರ, "ಆಗ್ಲಿ ರೀ ಮೇಡಂ" ಎಂದಿತು.

ಅಲ್ಲಿಂದ ಪ್ರತಿ ಮದುವೆಗೂ ಸಿಪ್ಪೆ ಶ್ರೀವಾಣಿಯವರ ಸ್ಕೂಟರ್ ಹತ್ತಿತು, ಬೂಸಾ ಚೀಲ ಈಸೂರಿನ ಬಸ್ಸು ಹತ್ತಿತು. ಮನೆಯಲ್ಲಿ ಅನ್ನ, ತಿಳಿಸಾರು, ಮೂಲೆಯಲ್ಲಿ ಬೂಸಾ. ಮಾರೋಣವೆಂದರೆ ಸುಳ್ಳು ಹೇಳಿ ಕಾಸು ಮಾಡಿದ ಹಾಗೆ. ವಾಪಸು ಕೊಡೋಣವೆಂದರೆ ಬಾಯಿ ಬಿಡಬೇಕು. ಚೀಲದ ಮೇಲೆ ಚೀಲ ಏರಿತು.

"ಇನ್ನೊಂದು ಬಂದ್ರ ನಾವು ಹೊರಗ ಮಲಗ್ಬೇಕು ನೋಡು" ಎಂದು ರಾಜಪ್ಪ ತಮಾಷೆ ಮಾಡಿದ. ವನಜಮ್ಮನಿಗೆ ನಗು ಬರಲಿಲ್ಲ. ತಟ್ಟೆಯ ಮುಂದೆ ಮಗಳು ಏನೂ ಕೇಳದೆ ಸಾರು ಕಲಸಿಕೊಳ್ಳುತ್ತಿದ್ದರೆ ಅವಳು ಬೂಸಾ ಚೀಲಗಳಿಗೆ ಬೆನ್ನು ಮಾಡಿ ಕೂರುತ್ತಿದ್ದಳು.

ಒಂದು ಭಾನುವಾರ ಶ್ರೀವಾಣಿ ಹೇಳದೆ ಕೇಳದೆ ಈಸೂರಿಗೇ ಬಂದರು. ಕೈಯಲ್ಲಿ ಕಿತ್ತಳೆ ಬಣ್ಣದ ಎಣ್ಣೆಯ ಸೀಸೆ.

"ಎಷ್ಟು ಚೆನ್ನಾಗಿ ಬಂದಿದೆ ನೋಡಿ ವನಜಮ್ಮ. ಇಷ್ಟು ಸತ್ವ ಸುಮ್ನೆ ಎಮ್ಮೆ ಹೊಟ್ಟೆಗೆ ಹೋಗ್ತಿತ್ತಲ್ರೀ. ಎಲ್ಲಿ ಕಟ್ಟೀರಿ ಅದನ್ನ? ನೋಡೋಣ ಅಂತ ಬಂದೆ."

ಹಿತ್ತಿಲ ಗೋದಲಿಯಲ್ಲಿ ಹುಲ್ಲಿನ ಬದಲು ಮೆಣಸಿನ ಗಿಡ ಇದ್ದವು. ಒಳಗೆ, ಕಟ್ಟು ಬಿಚ್ಚದ ಬೂಸಾ ಚೀಲಗಳು ಬಾಗಿಲಿಗೇ ಕಾಣುತ್ತಿದ್ದವು. ಶ್ರೀವಾಣಿ ಅದನ್ನೂ ನೋಡಿದರು, ಇದನ್ನೂ ನೋಡಿದರು. "ಅಯ್ಯೋ, ಹೋಗ್ಬಿಡ್ತಾ?" ಎಂದು ಮೆಲ್ಲಗೆ ಕೇಳಿದರು.

ಹೂಂ ಎಂದಿದ್ದರೆ ಸಾಕಿತ್ತು. ಸತ್ತ ಎಮ್ಮೆಯನ್ನು ಯಾರೂ ಹುಡುಕುವುದಿಲ್ಲ. ಆದರೆ ಇಲ್ಲದ ಎಮ್ಮೆಗೆ ಮೇವು ತಂದು ತಂದು ವನಜಮ್ಮನಿಗೆ ಸಾಕಾಗಿಹೋಗಿತ್ತು.

"ಎಮ್ಮಿ ಇಲ್ರೀ ಮೇಡಂ. ಮಾರಿ ಬಾಳ ದಿನ ಆತು. ಆ ಸಿಪ್ಪಿ ತಿಂತಿದ್ದೋರು ನಾವು."

ಶ್ರೀವಾಣಿಯವರ ಮುಖ ಕೆಂಪಾಯಿತು. ಈಗಷ್ಟೇ ಆಡಿದ ಮಾತು ಅವರಿಗೇ ಚುಚ್ಚಿರಬೇಕು. ಸೀಸೆಯನ್ನು ಕಟ್ಟೆಯ ಮೇಲಿಟ್ಟರು.

"ಒಂದು ಚೀಲಾನೂ ಬಿಚ್ಚಿಲ್ರೀ. ತಗೊಂಡು ಹೋಗ್ಬಿಡ್ರಿ" ಎಂದಳು ವನಜಮ್ಮ. ತಲೆ ಎತ್ತಿರಲಿಲ್ಲ. "ಛತ್ರದಾಗ ಮಾತ್ರ ಯಾರಿಗೂ ಹೇಳಬ್ಯಾಡ್ರಿ. ಅವ್ರ ಮುಂದ ನಾ ಮತ್ತ ಕುಂದರಬೇಕು."

ಶ್ರೀವಾಣಿ ಯಾರಿಗೂ ಹೇಳಲಿಲ್ಲ. ಮುಂದಿನ ಮದುವೆಗೆ, ತಮಗಿನ್ನು ಈರುಳ್ಳಿ ಸಿಪ್ಪೆ ಸಾಕು, ಅದರಲ್ಲೂ ಒಳ್ಳೆಯ ಸತ್ವವಿದೆ ಎಂದಷ್ಟೇ ಹೇಳಿ ಕಳಿಸಿದರು. ಒಣಗಿದ ಈರುಳ್ಳಿ ಸಿಪ್ಪೆಯನ್ನು ಯಾವ ಮನೆಯಲ್ಲೂ ಪಲ್ಯ ಮಾಡುವುದಿಲ್ಲ.

ಸುದ್ದಿ ಕೇಳಿ ಸಣ್ಣಬೀರಪ್ಪ ಒಲೆಯ ಕಡೆಯಿಂದ ಈಚೆ ತಿರುಗಿದ. "ಹಂಗಾರ ಇನ್ನ ದಪ್ಪ ಹೆರೀರಿ" ಎಂದ. ಈ ಸಲ ಕೂಗಲಿಲ್ಲ. ಎಮ್ಮೆಯ ಹೆಸರೂ ಎತ್ತಲಿಲ್ಲ.

ಯಾರೂ ನಗಲಿಲ್ಲ. ಸುತ್ತ ಕೂತವರ ಕೈಯಿಂದ ದಪ್ಪ ದಪ್ಪ ಸಿಪ್ಪೆ ಅವಳ ಬುಟ್ಟಿಗೆ ಬೀಳತೊಡಗಿತು. ಆಗ ವನಜಮ್ಮನಿಗೆ ಹೊಳೆಯಿತು. ಮೇಡಂ ಒಯ್ಯುತ್ತಿದ್ದಷ್ಟು ದಿನ ಎಲ್ಲರ ಸಿಪ್ಪೆಯೂ ತೆಳ್ಳಗಿತ್ತು. ದಪ್ಪ ಹೆರೆಯಿರಿ ಎಂದು ಆಗ ಯಾರೂ ಕೂಗಿರಲಿಲ್ಲ. ಇವರಿಗೆಲ್ಲ ಯಾವತ್ತಿನಿಂದಲೋ ಗೊತ್ತಿತ್ತು. ಅವಳು ಅಷ್ಟು ಜೋಪಾನವಾಗಿ ಮುಚ್ಚಿಟ್ಟದ್ದನ್ನು ಅವರು ಅವಳಿಗಿಂತ ಜೋಪಾನವಾಗಿ ಮುಚ್ಚಿಟ್ಟಿದ್ದರು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಎದ್ದು ಹೋಗಲಾಗಲಿಲ್ಲ, ಮನೆಯಲ್ಲಿ ಮೇಘನಾ ಇದ್ದಳು. ಬುಟ್ಟಿಯನ್ನು ಹತ್ತಿರ ಎಳೆದುಕೊಂಡು ಒಂದು ಕ್ಯಾರೆಟ್ ಕೈಗೆತ್ತಿಕೊಂಡಳು. ಅವಳೊಬ್ಬಳೇ ಅದನ್ನು ಮೊದಲಿನಂತೆ ಕಾಗದದಷ್ಟು ತೆಳ್ಳಗೆ ಹೆರೆದಳು.