ಎತ್ತಿನ ದಲಾಲಿ ನೋಡಿದ ಫಟಫಟಿ

ನಮ್ಮ ಬನಹಟ್ಟಿ ಓಣಿಯ ಎತ್ತಿನ ದಲಾಲಿ ಬಿಸಿ ಚಹಾ ಬಂದರೂ, ಬಿಸಿ ಜಗಳ ಬಂದರೂ ಅಂಗೈ ಅಡ್ಡ ಹಿಡಿದು ಒಂದೇ ಮಾತು ಹೇಳುತ್ತಿದ್ದ: "ಆರಲಿ, ತಡೀರಿ."

ಅದು ಸಂಸ್ಥಾನದ ಕಾಲ. ಜಮಖಂಡಿಯ ವಕೀಲರೊಬ್ಬರು ತಮ್ಮ ಹಳೇ ಫಟಫಟಿ, ಅಂದರೆ ಮೋಟರ್ ಸೈಕಲ್, ಮಾರುವವರಿದ್ದರು. ಸೀರೆ ವ್ಯಾಪಾರದ ನಮ್ಮ ಕಾಕಾ ನೋಡಲು ಹೊರಟಾಗ ಇವನನ್ನೇ ಕರೆದೊಯ್ದರು. ಯಂತ್ರ ಬಲ್ಲವರು ಊರಲ್ಲಿರಲಿಲ್ಲ. ಕೊಳ್ಳುವುದನ್ನು ಬಲ್ಲವನು ಇವನೊಬ್ಬನೇ. ನಾನೂ ಜೊತೆಗಿದ್ದೆ.

ಹೋದವನೇ ದಲಾಲಿ ಎತ್ತಿನ ಪಕ್ಕೆ ಸವರಿದಂತೆ ಇಂಜಿನ್ ಸವರಿ, ಚುರ್ ಎಂದು ಕೈ ಕಿತ್ತುಕೊಂಡ. "ಆರಲಿ, ತಡೀರಿ" ಎಂದು ವಕೀಲರ ಕಟ್ಟೆಯ ಮೇಲೆ ಕೂತೇಬಿಟ್ಟ. ಕಾಕಾನ ಕಿವಿಯಲ್ಲಿ ಹೇಳಿದ: "ಕುಂಟ ಎತ್ತನ್ನ ನಡಿಸಿ ನಡಿಸಿ, ಮೈ ಬಿಸಿ ಮಾಡಿ ಸಂತಿಗೆ ತರ್ತಾರ್ರೀ. ಬಿಸಿ ಇರೂತನಕ ಕುಂಟೂದಿಲ್ಲ. ಇದೂ ಅದ ಜಾತಿ."

ಇಂಜಿನ್ ತಣ್ಣಗಾದ ಮೇಲೆ ವಕೀಲರು ಧೋತರ ಬಿಚ್ಚಿಹೋಗುವಷ್ಟು ಕಿಕ್ ಒದ್ದರು. ಫಟಫಟಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಮೋಸ ತಪ್ಪಿತೆಂದು ಕಾಕಾ ಖುಷಿಯಾಗಿ, ಸೀರೆ ಹೇರುವ ಬಂಡಿಗೆಂದು ಮುಂದಿನ ಸಂತೆಯಲ್ಲಿ ಈ ಮಹಾನುಭಾವನಿಂದಲೇ ಎತ್ತು ಕೊಂಡರು. ಅದರ ಮೈಯೆಲ್ಲ ಬೆವರು.

"ಬಿಸಿಲು ಏರಾಕತ್ತೈತಿ, ಲಗೂನ ಹೊಡಕೊಂಡ ಹೋಗ್ರಿ," ಎಂದ ದಲಾಲಿ. ಆರಲಿ ಎನ್ನಲೇ ಇಲ್ಲ.

ಮರುದಿನ ಮುಂಜಾನೆ ಎತ್ತು ಮೂರು ಕಾಲ ಮೇಲೆ ಎದ್ದು ನಿಂತಿತು.