ಓನರಮ್ಮನ ಬಾಯಲ್ಲಿ ಹೆಣಿಕೆ

ಇವತ್ತು ಬೆಳಿಗ್ಗೆ ಇಡ್ಲಿ ಬೆಂದಿದೆಯೋ ಇಲ್ಲವೋ ಎಂದು ಚುಚ್ಚಿ ನೋಡಲು ಕೈಗೆ ಸಿಕ್ಕಿದ್ದು ಸ್ವೆಟರ್ ಹಾಕುವ ಕಡ್ಡಿ. ಸೌಟು, ಜಾಲರಿಗಳ ಜೊತೆ ಅದೂ ಸ್ಟ್ಯಾಂಡಿನಲ್ಲಿ ನಿಂತಿತ್ತು. ಯಾವಾಗ ಅಲ್ಲಿಗೆ ಬಂದು ಸೇರಿಕೊಂಡಿತೋ ಗೊತ್ತಿಲ್ಲ. ಅದರ ಜೋಡಿಯನ್ನು ನಮ್ಮ ಮನೆಯವರು ಸೋಫಾ ಹಿಂದೆ ಬೀಳುವ ಟಿವಿ ರಿಮೋಟನ್ನು ಎಳೆದುಕೊಳ್ಳಲು ಇಟ್ಟುಕೊಂಡಿದ್ದಾರೆ. ಕಡ್ಡಿಯ ತುದಿಗೆ ಹಿಟ್ಟು ಅಂಟಲಿಲ್ಲ, ಇಡ್ಲಿ ಬೆಂದಿತ್ತು. ಆ ಹಬೆಯ ಮುಂದೆ ಕಡ್ಡಿ ಹಿಡಿದು ನಿಂತಾಗ ನಾಗಸಂದ್ರದ ನಮ್ಮ ಹಳೆಯ ಓನರಮ್ಮ ನೆನಪಾದರು. ಇಡ್ಲಿಗೆ ಈ ಕಡ್ಡಿ ಆಗುತ್ತದೆ ಎಂದು ನನಗೆ ತೋರಿಸಿಕೊಟ್ಟವರೇ ಅವರು...

ನಿಜ ಹೇಳಬೇಕೆಂದರೆ, ಈಚೆಗೆ ನನ್ನ ಕಡ್ಡಿಗಳಿಗೆ ಬೇರೆ ಕೆಲಸವೂ ಇಲ್ಲ. ಒಂದು ಪುಟ್ಟ ಸ್ವೆಟರ್ ಹಾಕಿಕೊಡುತ್ತೇನೆಂದು ಒಪ್ಪಿಕೊಂಡು ಕೂತಿದ್ದೇನೆ. ಓನರಮ್ಮನ ಮೊಮ್ಮಗಳು ಈಗ ಬಸುರಿ, ಅವಳ ಮಗುವಿಗೆ. ಓನರಮ್ಮನ ಮಗಳು ಚಂದಾಪುರದಿಂದ ಫೋನ್ ಮಾಡಿ ಕೇಳಿದ್ದಳು. "ಅಕ್ಕ, ಇವಳಿಗೆ ಅಂಗಡೀದು ಬೇಡ್ವಂತೆ. ನೀವೊಂದು ಹಾಕ್ಕೊಡ್ತೀರಾ? ಹುಟ್ಟೋಕ್ಮುಂಚೆ ಹೊಸಬಟ್ಟೆ ನಮ್ಮನೆಗೆ ತರೋಂಗಿಲ್ಲ. ಅಲ್ಲೀವರೆಗೂ ನಿಮ್ಮನೇಲೇ ಇಟ್ಕೊಂಡಿರಿ" ಎಂದಳು. ಅದಕ್ಕೇನಂತೆ ಎಂದುಬಿಟ್ಟೆ.

ಅಂದಿನಿಂದ ಕೈ ಓಡುತ್ತಿಲ್ಲ. ನಾಲ್ಕು ಸಾಲು ಹಾಕುತ್ತೇನೆ, ಬಿಚ್ಚುತ್ತೇನೆ. ಬಿಚ್ಚಿ ಬಿಚ್ಚಿ ಆ ತಿಳಿಹಳದಿ ಉಲ್ಲನ್ ಒಣಗಿದ ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿದೆ. ದಾರದ ತಪ್ಪೆಂದು ಚಿಕ್ಕಪೇಟೆಗೆ ಹೋಗಿ ಬೇರೆ ಉಲ್ಲನ್ ತಂದೆ. ಕನ್ನಡಕದ ತಪ್ಪೆಂದು ಕನ್ನಡಕ ಬದಲಾಯಿಸಿದೆ. ಫೋನಿನಲ್ಲಿ ಯಾರು ಯಾರೋ ಹೆಣೆಯುವ ವಿಡಿಯೋಗಳನ್ನು ಮಧ್ಯಾಹ್ನ ಪೂರ್ತಿ ನೋಡಿ, ಅವರು ಮಾಡಿದ ಕೆಲಸಕ್ಕೆ ನಾನು ದಣಿದು ಕಾಫಿ ಮಾಡಿಕೊಂಡು ಕುಡಿಯುತ್ತೇನೆ. ಉಲ್ಲನ್ ಇಟ್ಟ ಕಪಾಟನ್ನು ಬಣ್ಣದ ಪ್ರಕಾರ ಜೋಡಿಸಿದ್ದಾಯಿತು, ಮತ್ತೆ ದಪ್ಪದ ಪ್ರಕಾರ ಜೋಡಿಸಿದ್ದಾಯಿತು. ಮೊನ್ನೆ ನಮ್ಮ ಮನೆಯವರು ಕರಿಬೇವಿನ ಕಟ್ಟಿಗೆ ಆ ಹಳದಿ ದಾರವನ್ನೇ ಕಟ್ಟಿ ಫ್ರಿಜ್ಜಿನಲ್ಲಿಟ್ಟಿದ್ದರು. "ಏನ್ರೀ ಇದು" ಎಂದರೆ, "ಓ, ಇದು ಇನ್ನೂ ಬೇಕಾ" ಎಂದರು. ಬಿಚ್ಚಿ ಮತ್ತೆ ಉಂಡೆಗೆ ಸುತ್ತಿಟ್ಟೆ.

ಇಂಥ ಜಡ ನನಗೆ ಹಿಂದೆಯೂ ಒಮ್ಮೆ ಹಿಡಿದಿತ್ತು, ಆ ನಾಗಸಂದ್ರದ ಮನೆಯಲ್ಲಿ.

ಮದುವೆಯಾದ ಹೊಸದು. ನಮ್ಮ ಮನೆಯವರಿಗೆ ಪೀಣ್ಯದ ಒಂದು ಮೆಷಿನ್ ಶೆಡ್ಡಿನಲ್ಲಿ ಕೆಲಸ. ಓನರಮ್ಮ ಕೆಳಗೆ, ನಾವು ಮೇಲೆ, ಹಿಂದುಗಡೆ ಸಾಲಾಗಿ ಬಾಡಿಗೆ ರೂಮುಗಳು, ಮಧ್ಯೆ ಎಲ್ಲರಿಗೂ ಸೇರಿ ಒಂದು ನಲ್ಲಿ. ಓನರಮ್ಮ ಆ ಊರಿನವರೇ. ಈ ಮನೆ ಎದ್ದ ಜಾಗ ಹೊಲವಾಗಿದ್ದಾಗ ತಾನು ಅಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ ಎಂದು ನೆಲ ತೋರಿಸಿ ಹೇಳುತ್ತಿದ್ದರು. ಹಣೆ ಅಗಲಕ್ಕೆ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮಾತಾಡಿದರೆ ಮೂರು ಮನೆಗೆ ಕೇಳುವ ಗಂಟಲು. ನಾನು ಕಾನ್ವೆಂಟಿನಲ್ಲಿ ಓದಿದವಳು, ಮಾತು ಕಮ್ಮಿ. ನಮ್ಮ ಹೊಲಿಗೆ ಕ್ಲಾಸಿನ ಸಿಸ್ಟರ್ ಕಲಿಸಿದ್ದ ನಿಟ್ಟಿಂಗೇ ನನ್ನ ಸಂಗಾತಿ. ಬೆಳಗಿನ ಶಿಫ್ಟಿಗೆ ಹೋಗುವ ಗಂಡನಿಗೆ ತೋಳಿಲ್ಲದ ಸ್ವೆಟರ್ ಒಂದನ್ನು ಹಾಕುತ್ತಾ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ.

"ಅದೇನಮ್ಮಿ ಅದು?" ಎಂದು ಕೇಳಿದ್ದರು ಮೊದಲ ದಿನ.

"ನಿಟ್ಟಿಂಗ್ ಅಮ್ಮ."

"ಲಿಟ್ಟಿಂಗಾ?"

ಅವರಿಗೆ ಸುಲಭವಾಗಲೆಂದು, "ಕನ್ನಡದಲ್ಲಿ ಹೆಣಿಕೆ ಅಂತಾರಮ್ಮ" ಎಂದೆ. ಕನ್ನಡ ಪದವೊಂದನ್ನು ನಾನು ಹೇಳಿಕೊಟ್ಟೆನೆಂದು ಸ್ವಲ್ಪ ಹೆಮ್ಮೆಯೂ ಆಗಿತ್ತು. ಆದರೆ ಓನರಮ್ಮನ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹಾಲು ಆಲು, ಹೂವು ಊವು, ಹುಷಾರು ಉಸಾರು. ಹೆಣಿಕೆ ಅವರ ಬಾಯಿಗೆ ಹೋಗಿ ಎಣಿಕೆಯಾಯಿತು.

ದಿನಾ ಬೆಳಿಗ್ಗೆ ನಲ್ಲಿಯ ಹತ್ತಿರ ನಿಂತು ತಲೆ ಎತ್ತಿ ಕೂಗುತ್ತಿದ್ದರು. "ಅಮ್ಮೀ, ಎಣಿಕೆ ಎಲ್ಲಿಗ್ ಬಂತು?"

ನಾನು ಮೇಲಿನಿಂದ, "ಇನ್ನೂ ಅರ್ಧ ಆಗಿಲ್ಲಮ್ಮ" ಎನ್ನುತ್ತಿದ್ದೆ.

"ಅವಸ್ರ ಬೀಳ್ಬ್ಯಾಡ. ಉಸಾರು."

ಒಂದು ದಿನ ನಾನು, "ಹೊಟ್ಟೆ ಹತ್ರ ಯಾಕೋ ದಪ್ಪ ಆಗ್ತಿದೆ ಅನ್ಸುತ್ತಮ್ಮ" ಎಂದೂ ಹೇಳಿದೆ. ಕುಣಿಕೆಗಳು ಹೆಚ್ಚಾಗಿ ಸ್ವೆಟರ್ ನಿಜವಾಗಿಯೂ ನಡುವಿನಲ್ಲಿ ಉಬ್ಬಿತ್ತು. "ಆಗ್ಲಿ ಬುಡು, ಒಳ್ಳೇದೇಯ" ಎಂದರು ಓನರಮ್ಮ. ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಇದನ್ನು ಕೇಳುತ್ತಿದ್ದಾರೆಂಬುದು ನಮ್ಮಿಬ್ಬರ ತಲೆಗೂ ಹೋಗಲಿಲ್ಲ.

ಹಿಂದಿನ ರೂಮಿನಲ್ಲಿ ಬಾಗಲಕೋಟೆ ಕಡೆಯ ಹೆಂಗಸೊಬ್ಬರಿದ್ದರು, ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವರು. ಒಂದು ಬೆಳಿಗ್ಗೆ ನನ್ನ ಕೈಯಿಂದ ಕೊಡ ಕಿತ್ತುಕೊಂಡು ತಾವೇ ಮೇಲಕ್ಕೆ ಹೊತ್ತು ತಂದರು. ಸಂಜೆ ಹುಣಸೆಹಣ್ಣಿನ ಚಿಗಳಿ ತಂದು ಕೊಟ್ಟರು. "ತಗೋರಿ ಅಕ್ಕಾರ, ಹುಳಿ ತಿನಬೇಕು ಅನಸ್ತಿರ್ತೈತಿ" ಎಂದರು. ನನಗೆ ಹುಳಿ ಇಷ್ಟವೆಂದು ಇವರಿಗೆ ಹೇಗೆ ಗೊತ್ತಾಯಿತೋ ಎಂದುಕೊಂಡು ಚಪ್ಪರಿಸಿ ತಿಂದೆ. ಮಾರನೆಯ ವಾರ ಯಾರೋ ಮಾವಿನಕಾಯಿ ಕಳಿಸಿದರು. ಎಂಥ ಒಳ್ಳೆಯ ಬೀದಿ ಎಂದು ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದೆ.

ಆಮೇಲೆ ಒಂದು ಸಂಜೆ ನಮ್ಮ ಮನೆಯವರು ಶೆಡ್ಡಿನಿಂದ ಬೇಗ ಬಂದರು. ಅಂಗಿಯಲ್ಲಿ ಆ ಮೆಷಿನ್ ಎಣ್ಣೆಯ ವಾಸನೆ ಹಾಗೇ ಇತ್ತು, ಕೈ ಕೂಡ ತೊಳೆದಿರಲಿಲ್ಲ. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. "ಎಲ್ರೂ ‘ಸ್ವೀಟ್ ಎಲ್ಲಿ ಗುರು’ ಅಂತ ಹಿಡ್ಕೊಂಡ್ಬಿಟ್ರು. ಬೀದಿಗೆಲ್ಲ ಗೊತ್ತು, ನಂಗೆ ಮಾತ್ರ ಹೇಳ್ಲಿಲ್ವಲ್ಲ ನೀನು" ಎಂದರು. ನಗುತ್ತಿದ್ದರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ...

ಇಲ್ಲ ಎಂದು ಹೇಳಲೇಬೇಕಲ್ಲ. ಹೇಳಿದೆ. "ಓ, ಹೌದಾ. ಹೋಗ್ಲಿ ಬಿಡು" ಎಂದು ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದರು. ಆ ಮೈಸೂರುಪಾಕನ್ನು ಇಬ್ಬರೂ ಮುಟ್ಟಲಿಲ್ಲ.

ಮಗು ಬೇಕೆಂಬ ಆಸೆ ಇಬ್ಬರಿಗೂ ಇತ್ತು. ಅದನ್ನು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ ಅಷ್ಟೆ. ಅವತ್ತು ಅದು ಹೊರಗೆ ಬಂತು, ಮತ್ತೆ ಒಳಗೆ ಹೋಗಲಿಲ್ಲ. ಉಲ್ಲನ್ ಚೀಲವನ್ನು ಮಂಚದ ಕೆಳಗೆ ತಳ್ಳಿದೆ. ಕೈಯಲ್ಲಿ ಕಡ್ಡಿ ಹಿಡಿದರೆ ಬೀದಿಯೆಲ್ಲ ನನ್ನ ಹೊಟ್ಟೆಯನ್ನೇ ನೋಡುತ್ತಿದೆ ಎನಿಸುತ್ತಿತ್ತು. ಕೆಳಗಿನಿಂದ "ಎಣಿಕೆ ಎಲ್ಲಿಗ್ ಬಂತು" ಎಂದು ಕೇಳಿದರೆ ಒಳಗೇ ಇರುತ್ತಿದ್ದೆ.

ಕೊನೆಗೆ ಓನರಮ್ಮನೇ ಮೆಟ್ಟಿಲು ಹತ್ತಿ ಬಂದರು. ಒಲೆ ಮೇಲೆ ಇಡ್ಲಿ ಇತ್ತು. ಮೂಲೆಯಲ್ಲಿ ಬಿದ್ದ ಕಡ್ಡಿ ಎತ್ತಿ, ತೊಳೆದು, ಮುಚ್ಚಳ ತೆಗೆದು ಚುಚ್ಚಿ ನೋಡಿ, "ಬೆಂದೈತೆ, ಇಳುಸು. ಕಡ್ಡಿ ಸುಮ್ಕೆ ಬಿದ್ದೈತಲ್ಲ, ಇಲ್ಲಾದ್ರೂ ಕೆಲ್ಸಕ್ ಬರ್ಲಿ" ಎಂದರು. ಆಮೇಲೆ ನೆಲದ ಮೇಲೆ ಕೂತು, "ಈಗ ಏಳು. ಎಣಿಕೆ ಯಾಕ್ ನಿಂತೋಯ್ತು?"

ಹೇಳಿದೆ. ಎಣಿಕೆಯೆಂದರೆ ಬಸುರಿನ ತಿಂಗಳೆಣಿಕೆ ಎಂದು ಬೀದಿಯವರು ತಿಳಿದದ್ದು, ಚಿಗಳಿ, ಮಾವಿನಕಾಯಿ, ಮೈಸೂರುಪಾಕು, ಎಲ್ಲವನ್ನೂ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಾಯಿಗೆ ಸೆರಗು ಹಿಡಿದು, "ಅಯ್ಯೋ ನನ್ ನಾಲ್ಗೆ ಸೇದೋಗ" ಎಂದರು. ಎದ್ದು ಕೆಳಗೆ ಹೋದರು. ಸ್ವಲ್ಪ ಹೊತ್ತಿಗೆ ನಲ್ಲಿಯ ಹತ್ತಿರ ಅವರ ಗಂಟಲು ಕೇಳಿಸಿತು. "ಆ ಅಮ್ಮಿ ಉಲ್ಲನ್ನು ಆಕ್ತಾ ಇರೋದು ಗಂಡನ್ಗೆ. ಇನ್ನೊಂದ್ಸಲ ಯಾವಳಾದ್ರೂ ಅದೂ ಇದೂ ಕೇಳುದ್ರೆ ನಲ್ಲಿ ಬಂದ್." ನಲ್ಲಿಯ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು. ಯಾರೂ ಕೇಳಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ ಅವರು. ಹಕಾರ ಕಲಿಯಲು ಕೂತರು. ಕನ್ನಡಕದ ಗಾಜಿಗೆ ಊದುವವರ ಹಾಗೆ ಬಾಯಿ ತೆರೆದು "ಹೆ... ಹೆ... ಹೆಣಿಕೆ. ಸರೀಗೈತಾ?" ಎಂದು ನನ್ನ ಮುಖ ನೋಡುತ್ತಿದ್ದರು. ಸರಿಯಾಗಿದೆ ಎಂದರೆ ಇನ್ನೂ ಜೋರಾಗಿ ಊದುತ್ತಿದ್ದರು. ಒಮ್ಮೆ ನಾಲಿಗೆಗೆ ಹತ್ತಿದ್ದೇ ತಡ, ಎಲ್ಲ ಕಡೆಯೂ ಹಚ್ಚತೊಡಗಿದರು. "ಹೂಟ ಆಯ್ತೇನಮ್ಮಿ?" "ಹೆಲೆ ಹಡಿಕೆ ತಗೊಂಡ್ ಬಾ." ಒಂದು ಬೆಳಿಗ್ಗೆ ಗಾಬರಿಯಿಂದ ಮೆಟ್ಟಿಲ ಕೆಳಗೆ ನಿಂತು, "ಹಕ್ಕಿ ನೆನೆ ಹಾಕಿವ್ನಿ, ಹುದ್ದಿನ್ಬೇಳೆ ಸಾಲ್ದು, ಹೊಸಿ ಕೊಡು" ಎಂದರು. ಹಕ್ಕಿಯನ್ನು ನೆನೆಹಾಕಿದ್ದಾರೆಂಬುದು ಕಣ್ಣಿಗೆ ಕಟ್ಟಿ, ಎಷ್ಟೋ ದಿನಗಳ ನಂತರ ಹೊಟ್ಟೆ ಹಿಡಿದುಕೊಂಡು ನಕ್ಕೆ. ಯಾಕೆ ನಗುತ್ತಿದ್ದೇನೆಂದು ತಿಳಿಯದೆ ಅವರೂ ನಕ್ಕರು. ಕೆಲವು ತಿಂಗಳಲ್ಲಿ ಉಳಿದ ಮಾತುಗಳೆಲ್ಲ ತಮ್ಮ ಹಳೆಯ ಜಾಗಕ್ಕೆ ಹೋದವು, ಅಕ್ಕಿ ಅಕ್ಕಿಯಾಯಿತು, ಹಾಲು ಮತ್ತೆ ಆಲಾಯಿತು. ಹೆಣಿಕೆ ಒಂದು ಮಾತ್ರ ಹಕಾರದ ಸಮೇತ ಉಳಿಯಿತು.

ನನ್ನ ಕೈಗೆ ಮತ್ತೆ ಕಡ್ಡಿ ಕೊಟ್ಟವರೂ ಅವರೇ. "ನನ್ ಮಂಡೀಗೊಂದ್ ಟೋಪಿ ಆಕ್ಕೊಡಮ್ಮಿ, ಬೆಳಿಗ್ಗೆವೊತ್ತು ಸೆಳೀತದೆ" ಎಂದರು. ಮಂಡಿಗೆ ಟೋಪಿ. ಅಂಥದ್ದು ಸಿಸ್ಟರ್ ಹೇಳಿಕೊಟ್ಟಿರಲಿಲ್ಲ. ಹಾಕಿದ್ದು ಒಂದು ಸಡಿಲ, ಒಂದು ಬಿಗಿ. ಬಿಗಿಯಾದದ್ದು ಎಡಗಾಲಿಗೆ ಎಂದು ಅವರೇ ತೀರ್ಮಾನಿಸಿದರು, ಸಡಿಲವಾದದ್ದು ನಡೆಯುವಾಗ ಜಾರಿ ಕಾಲಂದುಗೆಯ ಹಾಗೆ ಕೆಳಗೆ ನಿಲ್ಲುತ್ತಿತ್ತು. ಆಮೇಲೆ ರೇಡಿಯೋಗೆ ಹೊದಿಕೆ, ಮಿಕ್ಸಿಗೆ ಅಂಗಿ, ದೇವರ ಮಣೆಗೆ ಹಾಸು. ಗ್ಯಾಸ್ ಸಿಲಿಂಡರಿಗೂ ಒಂದು ಹಾಕು ಎಂದಾಗ ನಾನು ಕೈ ಮುಗಿದೆ.

ಮುಂದಿನ ವರ್ಷ ಅವರ ಮಗಳು ಬಾಣಂತನಕ್ಕೆ ಬಂದಳು. ಹೆಣ್ಣು ಮಗು. ಓನರಮ್ಮ ಚಿಕ್ಕಪೇಟೆಗೆ ಹೋಗಿ ಗುಲಾಬಿ ಬಣ್ಣದ ಸ್ವೆಟರ್ ತಂದರು. ಮುಟ್ಟಿದರೆ ಚುಚ್ಚುವಂಥದ್ದು, ತೋಳು ಮಗುವಿನ ಕಾಲಿನಷ್ಟು ಉದ್ದ. ನನಗೆ ಒಳಗೊಳಗೇ ಸಣ್ಣ ಬೇಸರ. ಸಿಲಿಂಡರಿಗೆ ಅಂಗಿ ಹಾಕು ಎಂದವರು ಮೊಮ್ಮಗಳಿಗೆ ಒಂದು ಕುಲಾವಿಯನ್ನೂ ಕೇಳಲಿಲ್ಲವಲ್ಲ, ನನ್ನ ಕೈಕೆಲಸ ಮಂಡಿಗೆ ಸಾಕು, ಮಗುವಿಗೆ ಸಾಲದೇನೋ ಎಂದುಕೊಂಡೆ. ಕೇಳಲು ಸಂಕೋಚ. ಮುಂದೆ ಇನ್ನೆರಡು ಮೊಮ್ಮಕ್ಕಳಾದರು. ಆಗಲೂ ಅಂಗಡಿಯದೇ ಬಂತು.

ನಮಗೆ ಮಕ್ಕಳಾಗಲಿಲ್ಲ. ಡಾಕ್ಟರು, ದೇವರು, ಎರಡೂ ಕಡೆ ಓಡಾಡಿದೆವು, ಆಮೇಲೆ ಓಡಾಟ ಬಿಟ್ಟೆವು. ನಾವು ಬೇರೆ ಮನೆಗೆ ಹೋದೆವು. ಓನರಮ್ಮನ ಮನೆ ಮಾರಾಟವಾಗಿ ಗೋಡೌನ್ ಎದ್ದಿತು, ಅವರು ಮಗಳ ಜೊತೆ ಚಂದಾಪುರಕ್ಕೆ ಹೋದರು. ಊರಿನ ಈ ತುದಿಯಿಂದ ಆ ತುದಿ. ಹೋಗಬೇಕು ಹೋಗಬೇಕು ಎಂದು ಅಂದುಕೊಳ್ಳುತ್ತಾ ಹಬ್ಬಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ತಿಥಿಯೂಟಕ್ಕೆ ಹೋದಾಗ ಎಲೆಯ ಮುಂದೆ ಕೂತು ಕೋಸಂಬರಿಯನ್ನೇ ನೋಡುತ್ತಿದ್ದೆ...

ಮೊನ್ನೆ ಅವರ ಮಗಳು ಮತ್ತೆ ಫೋನ್ ಮಾಡಿದ್ದಳು. ಸ್ವೆಟರ್ ಶುರುವೇ ಆಗಿಲ್ಲ ಎಂದು ಒಪ್ಪಿಕೊಂಡೆ.

"ಆಗ್ದಿದ್ರೆ ಬಿಟ್ಬಿಡಿ ಅಕ್ಕ" ಎಂದಳು. "ಅಮ್ಮ ಇದ್ದಿದ್ರೆ ನಂಗೇ ಉಗಿಯೋರು, ಅವ್ರನ್ನ ಯಾಕ್ ಕೇಳ್ದೆ ಅಂತ. ಇವಳು ಹೊಟ್ಟೇಲಿದ್ದಾಗ ನಾನು ನಿಮ್ಮತ್ರ ಒಂದು ಹಾಕಿಸ್ಕೋತೀನಿ ಅಂದಿದ್ದೆ. ಬಿಡ್ಲೇ ಇಲ್ಲ. ‘ಆ ಅಮ್ಮಿ ಕೈಲಿ ಕೂಸಿನ ಬಟ್ಟೆ ಆಕುಸ್ಬ್ಯಾಡ, ಅದೊಂದ್ ಮಾತ್ರ ಬ್ಯಾಡ’ ಅಂದ್ಬಿಟ್ರು. ಯಾಕಂತ ಹೇಳ್ಲಿಲ್ಲ. ನಿಮ್ಮಿಬ್ರಿಗೂ ಏನೋ ಮಾತು ಬಂದಿರ್ಬೇಕು ಅಂದ್ಕೊಂಡಿದ್ದೆ ನಾನು."

"ಇಲ್ಲಮ್ಮ, ಮಾತೇನೂ ಬಂದಿರ್ಲಿಲ್ಲ" ಎಂದೆ. ಫೋನ್ ಇಟ್ಟೆ. ಚುಚ್ಚುವ ಆ ಗುಲಾಬಿ ಸ್ವೆಟರನ್ನು ಮಗುವಿಗೆ ತೊಡಿಸುತ್ತಾ ಅವರು ನನ್ನ ಕಡೆ ನೋಡದೇ ಇದ್ದದ್ದು ಈಗ ಕಾಣಿಸಿತು. ನನ್ನ ಕೈಕೆಲಸ ಸಾಲದೆಂದಲ್ಲ, ಕೂಸಿನ ಬಟ್ಟೆ ಹಾಕುತ್ತಾ ನಾನು ನೋಯಬಾರದೆಂದು.

ಇವತ್ತು ತಿಂಡಿಯಾದ ಮೇಲೆ ನಮ್ಮ ಮನೆಯವರ ಹತ್ತಿರ ಇನ್ನೊಂದು ಕಡ್ಡಿಯನ್ನೂ ಇಸಿದುಕೊಂಡು ಬಾಲ್ಕನಿಯಲ್ಲಿ ಕೂತೆ. "ರಿಮೋಟ್ ಬಿದ್ರೆ?" ಎಂದರು. ಬಗ್ಗಿ ತಗೊಳ್ಳಿ ಎಂದೆ. ಮಧ್ಯಾಹ್ನದ ಹೊತ್ತಿಗೆ ಬೆನ್ನಿನ ಭಾಗ ಅಂಗೈ ಅಗಲದಷ್ಟಾಗಿದೆ. ಅವರು ಬಂದು ನೋಡಿದರು. ಇಷ್ಟು ಚಿಕ್ಕದಾ ಎಂದು ಕೇಳಿ, ಒಂದು ಬೆರಳಿನಿಂದ ಮುಟ್ಟಿ, ಒಳಗೆ ಹೋದರು. ಮುಗಿದ ಮೇಲೆ ಇದು ಕೆಲವು ತಿಂಗಳು ನಮ್ಮ ಕಪಾಟಿನಲ್ಲೇ ಇರಬೇಕು. ಬಾಗಿಲು ತೆಗೆದಾಗಲೆಲ್ಲ ಕಾಣುತ್ತದೆ. ಓನರಮ್ಮ ಇದ್ದಿದ್ದರೆ ಇಷ್ಟು ದೂರ ಬರಲು ಬಿಡುತ್ತಿರಲಿಲ್ಲ, ನನ್ನ ಕೈಯಿಂದ ಕಿತ್ತುಕೊಂಡು ಚಿಕ್ಕಪೇಟೆಯ ಬಸ್ಸು ಹತ್ತಿರುತ್ತಿದ್ದರು. ಬೇಡ ಅನ್ನಲು ಈಗ ಅವರಿಲ್ಲ. ಅದಕ್ಕೇ ಹಾಕುತ್ತಿದ್ದೇನೆ.